ಐದನೆಯ ಹಂಚು

ಗೋಪಕ್ಕನ ಬಲಗೈ ನಡುಬೆರಳಿನ ಗೆಣ್ಣಿನ ಮೇಲೆ ಹುಣಸೆಬೀಜದಷ್ಟು ದೊಡ್ಡ ಗಂಟೊಂದಿದೆ. ಹದಿನೇಳು ವರ್ಷ ಹಂಚು ಕುಟ್ಟಿ ಕುಟ್ಟಿ ಬಂದದ್ದು. ಅವಳು ಕೆಲಸಕ್ಕಿದ್ದ ಹಂಚಿನ ಕಾರ್ಖಾನೆ ಮುಚ್ಚಿ ಮೂವತ್ತು ವರ್ಷವಾಯಿತು. ಗಂಟು ಹೋಗಲಿಲ್ಲ, ಕುಟ್ಟುವ ಚಾಳಿಯೂ ಹೋಗಲಿಲ್ಲ. ಅಂಗಡಿಯಲ್ಲಿ ತೆಂಗಿನಕಾಯಿ ಕೊಂಡರೂ ಕುಟ್ಟುತ್ತಾಳೆ, ಮಣ್ಣಿನ ಗಡಿಗೆ ಕೊಂಡರೂ ಕುಟ್ಟುತ್ತಾಳೆ, ನಾನು ಏನಾದರೂ ತಲೆಹರಟೆ ಮಾತಾಡಿದರೆ ನನ್ನ ತಲೆಗೂ ಒಂದು ಬೀಳುತ್ತದೆ. "ಒಳ್ಗ್ ಎಂತದೂ ಇಲ್ಲ ಮಾರಾಯ, ಬರೀ ಪೊಳ್ಳ್" ಎಂದು ತೀರ್ಪು ಕೊಡುತ್ತಾಳೆ.

ನಾನು ಸೋಮ. ಹೆಮ್ಮಾಡಿಯಲ್ಲಿ ಅವಳ ಮನೆಯಿಂದ ನಾಲ್ಕನೆಯ ಮನೆ ನನ್ನದು. ಅದೇ ಕಾರ್ಖಾನೆಯಲ್ಲಿ ಹಂಚು ಹೊರುತ್ತಿದ್ದೆ. ಅದು ಮುಚ್ಚಿದ ಮೇಲೆ ಇಪ್ಪತ್ತೆಂಟು ವರ್ಷ ಕುಂದಾಪುರ-ಬೈಂದೂರು ಬಸ್ಸಿನಲ್ಲಿ ಕಂಡಕ್ಟರ್. ತಲ್ಲೂರು, ಹೆಮ್ಮಾಡಿ, ಮುಳ್ಳಿಕಟ್ಟೆ, ತ್ರಾಸಿ ಎಂದು ದಿನಾ ಕೂಗಿ ಗಂಟಲು ಮೈಕಿನಂತಾಗಿದೆ. ನಾನು ಗುಟ್ಟು ಹೇಳಿದರೂ ರಸ್ತೆಯವರೆಗೆ ಕೇಳುತ್ತದೆ ಎಂದು ನನ್ನ ಹೆಂಡತಿಯ ದೂರು. ಈ ಗಂಟಲಿನ ವಿಷಯ ಮುಂದೆ ಬೇಕಾಗುತ್ತದೆ, ಹಾಗಾಗಿ ಈಗಲೇ ಹೇಳಿಟ್ಟೆ.

ಭಟ್ಟಿಯಿಂದ ಬೆಂದು ಬಂದ ಹಂಚುಗಳಲ್ಲಿ ಒಳ್ಳೆಯದನ್ನೂ ಒಡಕನ್ನೂ ಬೇರೆ ಮಾಡುವುದು ಗೋಪಕ್ಕನ ಕೆಲಸವಾಗಿತ್ತು. ಹಂಚಿನ ಮೂಲೆಯನ್ನು ಎಡಗೈಯ ಮೂರು ಬೆರಳಲ್ಲಿ ಹಿಡಿದು ತೂಗುಬಿಟ್ಟು, ಬಲಗೈ ಗೆಣ್ಣಿನಿಂದ ಒಂದೇ ಒಂದು ಕುಟ್ಟು. ಸರಿಯಾಗಿ ಬೆಂದದ್ದು ಟಣ್ ಎನ್ನುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ದಬ್ ಎನ್ನುತ್ತದೆ. ಟಣ್ ಅಂದದ್ದು ಲಾರಿಗೆ, ದಬ್ ಅಂದದ್ದು ಹಿತ್ತಿಲ ರಾಶಿಗೆ. ದಿನಕ್ಕೆ ಎರಡು ಸಾವಿರ ಹಂಚು ಅವಳ ಕೈ ದಾಟುತ್ತಿತ್ತು. ಗೋಪಿ ಕುಟ್ಟಿದ ಹಂಚು ಎಂದರೆ ಗಂಗೊಳ್ಳಿಯಿಂದ ಬಾರ್ಕೂರಿನವರೆಗೆ ಮನೆಯ ಮೇಲಿನ ಮಾಡು ಹೊದಿಸುವವರು ಮರುಮಾತಾಡುತ್ತಿರಲಿಲ್ಲ. ಒಂದೇ ಒಂದು ಒಡಕು ಹಂಚೂ ತನ್ನ ಕೈ ತಪ್ಪಿಸಿಕೊಂಡು ಹೋದದ್ದಿಲ್ಲ ಎಂಬ ಜಂಬ ಅವಳಿಗೆ ಸಾಕಷ್ಟು ಇತ್ತು. ಇರಲಿ ಬಿಡಿ, ನಮಗೆ ಯಾರಿಗೂ ಅಷ್ಟು ಮಾಡಲೂ ಬರುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಪ್ರತಿ ವರ್ಷ ಆಯುಧಪೂಜೆಗೆ ಒಂದು ನಾಟಕ. ಯಂತ್ರಗಳಿಗೆ ಕುಂಕುಮ ಇಟ್ಟು, ಹೂವಿನ ಮಾಲೆ ಹಾಕಿ, ಎಲ್ಲರಿಗೂ ಸಿಹಿ ಅವಲಕ್ಕಿ ಕೊಟ್ಟಾದ ಮೇಲೆ, ಹಸಿ ಹಂಚು ಒಣಗಿಸುವ ಉದ್ದನೆಯ ಶೆಡ್ಡಿನಲ್ಲಿ ಸಂಜೆ ನಾಲ್ಕಕ್ಕೆ ಶುರು. ಎಂಬತ್ತನಾಲ್ಕನೆಯ ಇಸವಿಯಲ್ಲಿ ಆಫೀಸಿನ ಗುಮಾಸ್ತರಾಗಿದ್ದ ವೈಕುಂಠ ಹೊಳ್ಳರು ಒಂದು ಸಂಗೀತ ನಾಟಕ ಬರೆದರು. ಸಾಲಿಗ್ರಾಮದವರು, ಹಾರ್ಮೋನಿಯಂ ಚೆನ್ನಾಗಿ ನುಡಿಸುತ್ತಿದ್ದರು, ಹಾಜರಿ ಪುಸ್ತಕದ ಹಿಂದಿನ ಹಾಳೆಗಳಲ್ಲೇ ಪದ್ಯ ಬರೆಯುತ್ತಿದ್ದರು. ಕತೆ ಇಷ್ಟೇ: ಹಂಚಿನ ಮನೆಯಿದ್ದವನಿಗೇ ಮಗಳನ್ನು ಕೊಡುವುದು ಎಂದು ಹಟ ಹಿಡಿದ ಒಬ್ಬ ಮಾವ. ಹುಡುಗನದು ಹುಲ್ಲಿನ ಮನೆ. ಮಾವ ಮನೆ ನೋಡಲು ಬರುವ ದಿನ ಊರಿನವರೆಲ್ಲ ಸಾಲಾಗಿ ನಿಂತು ಕೈಯಿಂದ ಕೈಗೆ ಹಂಚು ದಾಟಿಸಿ, ಅವನು ಬರುವಷ್ಟರಲ್ಲಿ ಮಾಡು ಹೊದಿಸಿಬಿಡುತ್ತಾರೆ. ಹಂಚು ದಾಟಿಸುವಾಗ ಒಂದು ಹಾಡು, ಮಾವ ಬರುವುದರೊಳಗೆ ಇದು ಮದುವೆಮನೆ ಆಗಬೇಕು ಎಂದು.

ಕೈಗ್ ಕೈ ಕೊಡಿ, ಹಂಚ್ ಮೇಲ್ ಕೊಡಿ,
ಹುಲ್ ಮಾಡ್ ಇಳ್ಸಿ, ಕೆಂಪ್ ಮಾಡ್ ಏರ್ಸಿ,
ಮಾವ ಬಪ್ಪುದ್ರೊಳ್ಗೆ
ಮದಿ ಮನಿ ಆಯ್ಕ್.

ಪ್ರತಿ ಸಾಲಿನ ಕೊನೆಗೆ ಹಂಚಿನದ್ದೇ ಸದ್ದು ಬರಬೇಕು, ಐದು ಸಲ, ಎಂದು ಹೊಳ್ಳರ ಆಸೆ. ಅದಕ್ಕೆ ಗೋಪಿಯಲ್ಲದೆ ಇನ್ನಾರು. ಆಗ ಹೆಂಗಸರು ನಮ್ಮ ರಂಗಸ್ಥಳ ಹತ್ತುತ್ತಿರಲಿಲ್ಲ, ಹುಡುಗಿಯ ವೇಷವನ್ನೂ ಗಂಡಸೇ ಹಾಕುತ್ತಿದ್ದ. ಅವಳು ಪಕ್ಕದ ಪರದೆಯ ಹಿಂದೆ ಒಂದು ಬಿದಿರಿಗೆ ಐದು ಹಂಚು ತೂಗುಹಾಕಿ, ಮರದ ಸಣ್ಣ ಕೋಲು ಹಿಡಿದು ಕುಳಿತಳು. ಆ ಐದನ್ನು ಆರಿಸಲು ಮೂರು ದಿನ ತೆಗೆದುಕೊಂಡಿದ್ದಳು. ನಾನು ಹಂಚು ದಾಟಿಸುವವರ ಸಾಲಿನಲ್ಲಿ ಮೂರನೆಯವನು. ನನಗೆ ಒಂದೇ ಒಂದು ಮಾತಿತ್ತು, ಅದನ್ನೂ ಮರೆತೆ.

ಮಾವನ ಪಾತ್ರ ಬಚ್ಚಣ್ಣನದು. ಭಟ್ಟಿಗೆ ಸೌದೆ ಹಾಕುವ ಆಳು, ಬಾಗಿಲಿನಷ್ಟು ಅಗಲ. ಪೇಟ ಸರಿಮಾಡಿಕೊಳ್ಳುತ್ತ ಪರದೆಯ ಹಿಂದಿನಿಂದ ಬರುವಾಗ ಅವನ ಭುಜ ಬಿದಿರಿಗೆ ತಾಗಿತು. ಕೊನೆಯ ಹಂಚು ತೂಗಿ ಹೋಗಿ ಕಂಬಕ್ಕೆ ಬಡಿಯಿತು. ಒಡೆದು ಬೀಳಲಿಲ್ಲ. ನೋಡಲು ಏನೂ ಆಗಿರಲಿಲ್ಲ. ಅಷ್ಟರಲ್ಲಿ ಹೊಳ್ಳರು ಹಾರ್ಮೋನಿಯಂ ಒತ್ತಿದರು, ಹಾಡು ಶುರುವಾಯಿತು.

ಟಣ್ ಟಣ್ ಟಣ್ ಟಣ್, ದಬ್.

ಇನ್ನೂರು ಜನ ಹಂಚಿನ ಕೆಲಸದವರು ಎದುರಿಗೆ ಕುಳಿತಿದ್ದಾರೆ. ಅವರಲ್ಲಿ ಒಬ್ಬನಿಗೂ ಆ ಸದ್ದಿನ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು, ಗೋಪಿ ಕೈಯಲ್ಲಿ ಒಡಕು ಹಂಚು ಎಂದು ಹಿಂದಿನವರು ಕತ್ತು ಉದ್ದ ಮಾಡಿದರು. ಪರದೆಯ ಸಂದಿಯಲ್ಲಿ ಅವಳ ಮುಖ ನನಗೆ ಕಾಣುತ್ತಿತ್ತು. ಐದನೆಯ ಹಂಚನ್ನೇ ದಿಟ್ಟಿಸುತ್ತಿದ್ದಳು. ನಡುವೆ ನಿಲ್ಲಿಸುವ ಹಾಗಿಲ್ಲ, ಎರಡನೆಯ ಸಾಲು ಬಂತು. ಟಣ್ ಟಣ್ ಟಣ್ ಟಣ್. ಆಗ, ಇನ್ನೂ ಒಳಗೇ ಇರಬೇಕಾಗಿದ್ದ ಬಚ್ಚಣ್ಣ ಸೀದಾ ರಂಗಕ್ಕೆ ಬಂದು, ಐದನೆಯ ಏಟಿಗೆ ಸರಿಯಾಗಿ ಬಲಗಾಲು ಎತ್ತಿ ಹಲಗೆಯ ಮೇಲೆ ಕುಟ್ಟಿದ. ದಬ್. ಹಂಚಿನ ಸದ್ದು ಅವನ ಕಾಲಿನ ಸದ್ದಿನೊಳಗೆ ಹೊಕ್ಕು ಕಾಣೆಯಾಯಿತು. ಸಾಲು ಮುಗಿದ ಹಾಗೆಲ್ಲ ಮಾವ ಹೀಗೆ ಸಿಟ್ಟಿನಿಂದ ಕಾಲು ಕುಟ್ಟಿದ, ಹಾಡು ಬರೆದದ್ದೇ ಹೀಗೆ ಎಂದು ಜನ ತಿಳಿದರು. ಹಾಡು ಮುಗಿದದ್ದೇ "ಇನ್ನೊಂದ್ಸಲ" ಎಂಬ ಕೂಗು. ಮೂರು ಸಲ ಹಾಡಬೇಕಾಯಿತು.

ಬಣ್ಣ ತೊಳೆಯುವಲ್ಲಿಗೆ ಗೋಪಕ್ಕ ಜಗಳಕ್ಕೆ ಬಂದಳು.

"ನನ್ ಹಂಚ್ ಒಡ್ದದ್ದ್ ನೀವಲ್ದಾ?"

"ಒಡ್ದದ್ದೂ ನಾನೆ, ಕಾಲ್ ಕುಟ್ಟದ್ದೂ ನಾನೆ. ಸಮ ಆಯ್ತಲೆ" ಎಂದ ಬಚ್ಚಣ್ಣ, ಮುಖದ ತುಂಬ ಸೋಪಿನ ನೊರೆ ಇಟ್ಟುಕೊಂಡು.

ಮುಂದಿನ ಬೇಸಗೆಯಲ್ಲಿ ಇಬ್ಬರ ಮದುವೆಯಾಯಿತು. ಅವಳ ಹೆಸರು ಕೆಡಬಾರದೆಂದು ಒಬ್ಬ ಮನುಷ್ಯ ಯೋಚನೆ ಮಾಡಲೂ ಪುರುಸೊತ್ತಿಲ್ಲದೆ ಕಾಲೆತ್ತಿದನಲ್ಲ, ಅಂಥವನನ್ನು ಬಿಟ್ಟು ಇನ್ನು ಯಾರನ್ನು ನೋಡುವುದು ಎಂದು ಅವಳಿಗೆ ಅನ್ನಿಸಿರಬೇಕು. ನಾನಾದರೂ ಹಾಗೇ ಮಾಡುತ್ತಿದ್ದೆ.

ನಾಟಕ ಕೋಟೇಶ್ವರದಲ್ಲಿ ಇನ್ನೊಮ್ಮೆ ಆಯಿತು. ಹೊಳ್ಳರು ಶಿಸ್ತಿನ ಮನುಷ್ಯ, ಈ ಸಲ ಐದೂ ಒಳ್ಳೆಯ ಹಂಚು ಇರಲಿ, ಬಚ್ಚ ಕಾಲು ಕುಟ್ಟುವುದು ಬೇಡ ಎಂದರು. ಹಾಡು ಸಪ್ಪಗಾಯಿತು. ಸಭೆಯಿಂದ "ದಬ್ ಎಲ್ಲೋಯ್ತ್" ಎಂದು ಕೇಳಿದರು. ಅಂದಿನಿಂದ ಬೇಕೆಂದೇ ಒಂದು ಒಡಕು ಹಂಚು ತರುವುದು ಗೋಪಕ್ಕನ ಪಾಲಿಗೆ ಬಂತು. ಒಡಕು ಹಂಚು ಹಿಡಿದುಕೊಂಡು ರಸ್ತೆಯಲ್ಲಿ ಹೋಗಲು ಅವಳಿಗೆ ನಾಚಿಕೆ, ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದಳು.

ಆಮೇಲೆ ನಾಟಕ ನಿಂತಿತು, ಕಾರ್ಖಾನೆ ಮುಚ್ಚಿತು, ಮನೆಗಳೆಲ್ಲ ತಾರಸಿಯಾದವು. ಬೇಸಗೆಯಲ್ಲಿ ಒಳಗೆ ಬೇಯುವುದು, ಮಳೆಗಾಲದಲ್ಲಿ ಅದರ ಮೇಲೊಂದು ತಗಡಿನ ಮಾಡು ಹಾಕುವುದು. ಇದಕ್ಕಾಗಿ ಹಂಚು ಬಿಟ್ಟರು. ಹಾಡು ಮಾತ್ರ ಹೇಗೋ ಉಳಿದುಕೊಂಡಿತು. ಮದುವೆಮನೆಯಲ್ಲಿ ಪಾತ್ರೆ ದಾಟಿಸುವಾಗ ಹಾಡುತ್ತಿದ್ದರು. ನನ್ನ ಬಸ್ಸಿನಲ್ಲಿ ಶಾಲೆಯ ಮಕ್ಕಳು ಹಾಡುತ್ತಿದ್ದರು, ಐದನೆಯ ಏಟಿಗೆ ನಲವತ್ತು ಜೋಡಿ ಕಾಲು ಒಟ್ಟಿಗೆ ಬಸ್ಸಿನ ನೆಲಕ್ಕೆ. ಬಸ್ಸು ಮುರಿದು ಹಾಕುತ್ತೀರಾ ಎಂದು ನಾನು ಗದರುತ್ತಿದ್ದೆ, ಒಳಗೊಳಗೇ ಉಬ್ಬುತ್ತಿದ್ದೆ. ಯಾರು ಬರೆದದ್ದು, ಯಾಕೆ ಕಾಲು ಕುಟ್ಟುವುದು, ಯಾವ ಮಗುವಿಗೂ ಗೊತ್ತಿರಲಿಲ್ಲ.

ಬಚ್ಚಣ್ಣನೂ ಅದನ್ನು ಬಿಡಲಿಲ್ಲ. ಆಮೇಲೆ ಅವನು ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕೆ ಸೇರಿದ. ಸಂಜೆ ಮನೆಗೆ ಬಂದವನು ಕಿಟಕಿಯ ಸರಳಿಗೆ ಬುತ್ತಿಯ ಚಮಚದಿಂದ ನಾಲ್ಕು ಸಲ ಬಡಿದು, ಮೆಟ್ಟಿಲ ಮೇಲೆ ಬಲಗಾಲು ಕುಟ್ಟುತ್ತಿದ್ದ. ಒಲೆಯ ಎದುರಿನಿಂದ ಗೋಪಕ್ಕ ತಿರುಗಿ ಮಗಳು ದೀಕ್ಷಾಳಿಗೆ "ಬಂದ್ರ್" ಎನ್ನುತ್ತಿದ್ದಳು. ಅಷ್ಟೇ. ದೀಕ್ಷಾ ಓಡಿಹೋಗಿ ಬಾಗಿಲು ತೆಗೆಯುತ್ತಿದ್ದಳು. ಆರು ವರ್ಷದ ಹಿಂದೆ ಬಚ್ಚಣ್ಣ ಎದೆನೋವಿನಿಂದ ತೀರಿಕೊಂಡ. ಕೆಲವು ದಿನ ಆ ಹೊತ್ತಿಗೆ ನಾನೇ ಅವರ ಮನೆಗೆ ಹೋಗಿ ಕೂರುತ್ತಿದ್ದೆ, ಸಂಜೆಯ ಮೌನ ತಡೆಯಲು ನನಗೂ ಆಗುತ್ತಿರಲಿಲ್ಲ.

ಕಳೆದ ವರ್ಷ ಮಾರ್ಚಿನಲ್ಲಿ ಒಂದು ಕಾರು ಬಂತು. ಇಳಿದವನು ಕೌಶಲ್ ಎಂಬ ಹುಡುಗ, ಬ್ರಹ್ಮಾವರದವನು, ಬೈಂದೂರಿನ ಕಡೆ ಶೂಟಿಂಗ್ ಆಗುತ್ತಿದ್ದ ಒಂದು ಸಿನಿಮಾಕ್ಕೆ ಸಂಗೀತ ಮಾಡುವವನು. ಸಣ್ಣವನಿದ್ದಾಗ ಅಮ್ಮನ ಬಾಯಲ್ಲಿ ಕೇಳಿದ ಹಾಡು, ಅದರ ಬೇರು ಹುಡುಕುತ್ತ ಸಾಲಿಗ್ರಾಮಕ್ಕೆ ಹೋಗಿದ್ದ. ಹೊಳ್ಳರು ಈಗಿಲ್ಲ. ಅವರ ಮಗ ಹಳೆಯ ಹಾಜರಿ ಪುಸ್ತಕ ತೆಗೆದುಕೊಟ್ಟು, ಸಿನಿಮಾಕ್ಕೆ ಬಳಸಿ ಎಂದು ಒಪ್ಪಿಗೆಯನ್ನೂ ಕೊಟ್ಟಿದ್ದರು. ಹಾಡಿನ ಪಕ್ಕದಲ್ಲಿ ಹೊಳ್ಳರ ಅಕ್ಷರದಲ್ಲಿ "ಹಂಚು: ಗೋಪಿ" ಎಂದಿತ್ತಂತೆ. ಹಾಗಾಗಿ ಗೋಪಿಯನ್ನು ಹುಡುಕಿಕೊಂಡು ಬಂದದ್ದು.

ಜಗಲಿಯಲ್ಲಿ ನಾನೂ ಇದ್ದೆ. ಸದ್ಯಕ್ಕೆ ಕಂಪ್ಯೂಟರಿನಲ್ಲೇ ಹಂಚಿನ ಸದ್ದು ಮಾಡಿ ಹಾಡು ಕೂಡಿಸಿದ್ದೇನೆ, ನಿಜವಾದ ಹಂಚನ್ನು ನೀವೇ ಆರಿಸಿ ನೀವೇ ಬಾರಿಸಿಕೊಡಬೇಕು ಎಂದು ಹೇಳಿ ಅವನು ಫೋನಿನಲ್ಲಿ ಹಾಡು ಹಾಕಿದ. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಹುಡುಗರ ದನಿಯಲ್ಲಿ ಗೆಲುವಿತ್ತು. ಆದರೆ ಸಾಲಿನ ಕೊನೆಗೆ ಐದೂ ಟಣ್. ನಾನು ಗೋಪಕ್ಕನ ಬಾಯಿಗೆ ಕಾದೆ. ಈಗ ಶುರುಮಾಡುತ್ತಾಳೆ, ಹುಡುಗನ ಕತೆ ಮುಗಿಯಿತು ಎಂದುಕೊಂಡೆ. ಅವಳು ತಲೆಯಾಡಿಸುತ್ತ ಕೊನೆಯವರೆಗೆ ಕುಳಿತು, "ಲಾಯ್ಕ್ ಇತ್ತ್ ಮಗಾ" ಎಂದಳು. ಬರುವ ಶನಿವಾರ ಕೋಟೇಶ್ವರಕ್ಕೆ ಬರುತ್ತೇನೆ ಎಂದೂ ಒಪ್ಪಿಕೊಂಡಳು.

ನನಗೆ ಆ ಮಧ್ಯಾಹ್ನ ಊಟ ಸೇರಲಿಲ್ಲ. ದಬ್ ಇಲ್ಲದ ಹಾಡಿಗೆ ಗೋಪಕ್ಕ ಲಾಯ್ಕ್ ಎನ್ನುವುದೆಂದರೆ ಏನರ್ಥ? ಆಮೇಲೆ ಒಂದೊಂದೇ ನೆನಪಾಯಿತು. ಮೀನಿನ ಸ್ಕೂಟರಿನವನು ತಿರುವಿನಲ್ಲಿ ಹಾರ್ನ್ ಒತ್ತಿದರೆ ಮೊದಲು ಗೇಟಿಗೆ ಬರುತ್ತಿದ್ದವಳು ಇವಳು. ಈಗ ಎರಡು ವರ್ಷದಿಂದ ಬೆಳಿಗ್ಗೆ ಎಂಟಕ್ಕೇ ಬಂದು ಮೆಟ್ಟಿಲ ಮೇಲೆ ಕುಳಿತು ರಸ್ತೆ ನೋಡುತ್ತಾಳೆ. ಹಬೆ ನೋಡುತ್ತ ಕುಕ್ಕರಿನ ಎದುರು ನಿಂತೇ ಇರುತ್ತಾಳೆ, ಅತ್ತಿತ್ತ ಹೋಗುವುದಿಲ್ಲ. ನನ್ನ ಜೊತೆ ಮಾತ್ರ ಮಾತುಕತೆಗೆ ಏನೂ ತೊಂದರೆಯಿರಲಿಲ್ಲ. ಹೇಗಿರುತ್ತದೆ, ನಾನು ಮಾತಾಡಿದರೆ ಮುಳ್ಳಿಕಟ್ಟೆಗೆ ಕೇಳುತ್ತದೆ.

ಸಂಜೆ ಹೋದೆ. ಅವಳು ನನಗೆ ಬೆನ್ನು ಹಾಕಿ ಬಸಳೆ ಸೋಸುತ್ತಿದ್ದಳು. ಹುಟ್ಟಿ ಅರವತ್ತು ವರ್ಷಕ್ಕೆ ಮೊದಲ ಬಾರಿ ದನಿ ಇಳಿಸಿ "ಗೋಪಕ್ಕ" ಎಂದೆ. ತಿರುಗಲಿಲ್ಲ. ಎದುರಿಗೆ ಹೋಗಿ ಕುಳಿತು ನನ್ನ ಮಾಮೂಲಿ ದನಿಯಲ್ಲಿ ಹೇಳಿದೆ.

"ಆ ಹುಡ್ಗ ಕೇಳ್ಸದ್ದ್ರಗೆ ದಬ್ ಇರ್ಲಿಲ್ಲ, ಗೋಪಕ್ಕ."

ಅವಳ ಕೈ ನಿಂತಿತು. "ಇರ್ಲಿಲ್ಯಾ?"

"ಇಲ್ಲ. ಐದೂ ಟಣ್."

ಕೈಯಲ್ಲಿದ್ದ ಬಸಳೆಯ ದಂಟನ್ನು ಕೆಳಗಿಟ್ಟಳು. "ನಂಗ್ ಎಂತದೂ ಕೇಣ್ಲಿಲ್ಲ ಸೋಮ. ಆ ಹುಡ್ಗ ತಲಿ ಅಲ್ಲಾಡ್ಸ್ತಿದ್ದ, ಅದ್ ಕಂಡ್ ನಾನೂ ಅಲ್ಲಾಡ್ಸ್ದೆ."

"ದೀಕ್ಷಂಗೆ ಗೊತ್ತಿತ್ತಾ?"

"ಇಲ್ಲ. ನೀ ಹೇಳ್ಬೇಡ. ಗೋಪಿ ಕೆಮಿ ಹೋಯ್ತ್ ಅಂದ್ರೆ ಗೋಪಿಯಂಗೆ ಎಂತ ಉಳೀತ್?"

ಕಿವಿಯೇ ಅವಳ ವಿದ್ಯೆ, ಕಿವಿಯೇ ಅವಳ ಮರ್ಯಾದೆ. ಅವಳೇ ಮತ್ತೆ ಬಾಯಿ ತೆರೆದಳು.

"ಸಿನಿಮಾದಂಗೆ ಬಂದ್ರೆ ಇನ್ ಮೇಲೆ ಎಲ್ಲರೂ ಅದ್ನೇ ಹಾಡುದ್, ಅಲ್ದಾ? ಮಕ್ಳೂ ಅದ್ನೇ ಕಲೂದ್. ಅವ್ರ್ ಕಾಲ್ ಕುಟ್ಟದ್ದ್ ಹೋತ್ತಲೆ, ಸೋಮ."

ಆಗ ಕಣ್ಣಲ್ಲಿ ನೀರು ಬಂದದ್ದು ಅವಳಿಗೋ ನನಗೋ, ಅದು ಬೇಡ. ಮಾರನೆಯ ದಿನ ಬೆಳಿಗ್ಗೆ ಗೋಪಕ್ಕ ನಮ್ಮ ಮನೆಗೆ ಬಂದವಳೇ ಸೀದಾ ಕೊಟ್ಟಿಗೆಯ ಹಿಂದೆ ಹೋದಳು. ಕೊಟ್ಟಿಗೆಯ ಮಾಡು ತಗ್ಗು, ಕೈಗೆ ಸಿಗುತ್ತದೆ. ಸೂರಿನ ಹಂಚುಗಳನ್ನು ಕೆಳಗಿನಿಂದ ಒಂದೊಂದಾಗಿ ಗೆಣ್ಣಿನಿಂದ ಕುಟ್ಟುತ್ತ ಹೋದಳು. ಏಳೆಂಟು ಹಂಚು ದಾಟಿ ಒಂದು ಕಡೆ ನಿಂತಳು. ಇನ್ನೊಮ್ಮೆ ಕುಟ್ಟಿದಳು.

"ಇದ್ ಕೇಂತ್" ಎಂದಳು, ಕಿವಿಗೆ ಕೇಳಿಸಿದ್ದು ನಂಬಿಕೆಯಾಗದವಳ ಹಾಗೆ. "ಟಣ್ ಅಂಬುದ್ ಒಂದೂ ಕೇಂತಿಲ್ಲ. ಈ ದಬ್ ಕೇಂತ್ ಕಾಣ್."

"ಅದ್ ಒಡ್ದ್ ಹಂಚ್ ಅಲ್ದಾ?"

"ಒಡ್ದದ್ದೇ. ನಿನ್ ಮಾಡಂಗೆ ಬೇರೆ ಎಂತ ಇರತ್ತ್?"

ಆ ಹಂಚನ್ನು ಕಳಚಿ, ಟವೆಲಿನಲ್ಲಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು ಹೊರಟುಹೋದಳು. ಅಲ್ಲಿಗೆ ಬೇರೆ ಹಂಚು ಹಾಕಲು ನಾನು ಮರೆತು, ಮಳೆಗಾಲದಲ್ಲಿ ನಮ್ಮ ಹಸುವಿನ ಬೆನ್ನಿನ ಮೇಲೆ ಸುರಿಯಿತು, ಅದು ಬೇರೆ ವಿಷಯ.

ಶನಿವಾರ ದೀಕ್ಷಾ ಸೊಸೈಟಿಯ ಕೆಲಸಕ್ಕೆ ರಜೆ ಹಾಕಿ ನಮ್ಮೊಟ್ಟಿಗೆ ಬಂದಳು. ಕೋಟೇಶ್ವರದಲ್ಲಿ ಒಂದು ಹಳೆಯ ಅಕ್ಕಿ ಗೋದಾಮು, ಗೋಡೆಗೆಲ್ಲ ಕಂಬಳಿ ಕಟ್ಟಿದ್ದರು. ಎಲ್ಲೋ ಮನೆ ಕೆಡವಿದಲ್ಲಿಂದ ಕೌಶಲ್ ಮೂವತ್ತು ಹಂಚು ತರಿಸಿ ತೊಳೆದು ಒರೆಸಿ ಇಟ್ಟಿದ್ದ. ಗೋಪಕ್ಕ ಮಣೆಯ ಮೇಲೆ ಕುಳಿತು ಒಂದೊಂದನ್ನೇ ಮೂರು ಬೆರಳಲ್ಲಿ ತೂಗುಬಿಟ್ಟು ಕುಟ್ಟಿದಳು. ಕಣ್ಣು ಮುಚ್ಚಿದ್ದಳು. ಉಳಿದವರೆಲ್ಲ ಅವಳು ಕೇಳುತ್ತಿದ್ದಾಳೆ ಎಂದುಕೊಂಡರು. ನಾನು ಅವಳ ಎಡಗೈಯನ್ನು ನೋಡುತ್ತಿದ್ದೆ. ಬೆರಳ ತುದಿ ಹಂಚನ್ನು ಎಷ್ಟು ಹಗುರಾಗಿ ಹಿಡಿದಿತ್ತೆಂದರೆ, ನಡುಕ ಅಲ್ಲಿಂದ ಮಣಿಕಟ್ಟಿಗೆ ಹತ್ತಲಿ ಎಂದು ದಾರಿ ಬಿಟ್ಟಂತಿತ್ತು. ಹದಿನೇಳು ವರ್ಷ ಕಿವಿಯ ಜೊತೆ ಆ ಬೆರಳುಗಳೂ ಕೆಲಸ ಕಲಿತಿದ್ದವು, ಅವಳಿಗೇ ಗೊತ್ತಿಲ್ಲದೆ. ನಾಲ್ಕು ಹಂಚು ಬೇರೆ ಇಟ್ಟಳು. ಕೌಶಲ್ ತನ್ನ ಯಂತ್ರದಲ್ಲಿ ನೋಡಿ, ಇವುಗಳಷ್ಟು ಶುದ್ಧವಾದ ನಾದ ಬೇರೊಂದರಲ್ಲಿಲ್ಲ ಎಂದ. ನನಗೆ ಎದ್ದು ಕುಣಿಯುವ ಹಾಗಾಯಿತು.

ಆಮೇಲೆ ಅವಳು ಟವೆಲ್ ಬಿಚ್ಚಿದಳು. "ಐದ್ನೇದ್ ಇದ್."

ಕೌಶಲ್ ಅದನ್ನು ಕುಟ್ಟಿ ನೋಡಿದ. "ಅಮ್ಮ, ಇದ್ ಒಡ್ದಿತ್ತಲೆ. ಜನ ಕೇಂಡ್ರೆ ರೆಕಾರ್ಡಿಂಗ್ ತಪ್ಪಿತ್ ಅಂಬ್ರ್."

ಅವನ ತುಟಿ ನೋಡಿ ಅವಳಿಗೆ ಎಷ್ಟು ಅರ್ಥವಾಯಿತೋ. ಒಮ್ಮೆ ನನ್ನ ಕಡೆ, ಒಮ್ಮೆ ಮಗಳ ಕಡೆ ನೋಡಿದಳು. ಸುಮ್ಮನಿದ್ದರೆ ಅವಳ ಹೆಸರು ಉಳಿಯುತ್ತಿತ್ತು, ನಾಲ್ಕು ಹಂಚು ಆರಿಸಿದ ಗೋಪಿ ಎಂದು ಎಲ್ಲರೂ ಕೊಂಡಾಡಿ ಕಳಿಸುತ್ತಿದ್ದರು.

"ಮಗಾ, ಎರಡ್ ವರ್ಷದಿಂದ ನಂಗ್ ಕೆಮಿ ಕೇಂತಿಲ್ಲ" ಎಂದಳು. "ನೀ ಮೊನ್ನೆ ಕೇಳ್ಸದ್ದೂ ಕೇಣ್ಲಿಲ್ಲ. ಈ ನಾಕ್ ಹಂಚ್ ಬೆರಳಂಗೆ ಆರ್ಸದ್ದ್. ನಂಗ್ ಕೇಂಬುದ್ ಇದೊಂದೇ."

ದೀಕ್ಷಾ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಗೋಪಕ್ಕ ನಿಧಾನವಾಗಿ ಆಯುಧಪೂಜೆಯ ಸಂಜೆಯ ಕತೆ ಹೇಳಿದಳು: ಬಿದಿರು, ಬಚ್ಚಣ್ಣನ ಭುಜ, ಮುಂದಿನ ಸಾಲಿನ ನಗು, ಬಲಗಾಲು. ಮುಚ್ಚುಮರೆಯಿಲ್ಲದೆ, ನಾಚಿಕೆಯೂ ಇಲ್ಲದೆ. ಹೇಳಿ ಮುಗಿಸಿ, "ಅವ್ರ್ ಇಲ್ದೆ ಈ ಹಾಡ್ ಇಲ್ಲ ಮಗಾ. ನಿಂಗ್ ಬೇಡ ಅಂದ್ರೆ ನಾನೂ ಬಾರ್ಸುದಿಲ್ಲ" ಎಂದಳು.

ಕೌಶಲ್ ಆ ಹಂಚನ್ನು ಮಡಿಲಿಗೆ ತೆಗೆದುಕೊಂಡ. "ನಮ್ಮ್ ಅಮ್ಮ ಇದ್ ಹಾಡುವತ್ತಿಗೆ ಕಾಲ್ ಕುಟ್ತಿದ್ರ್. ಎಂತಕ್ಕೆ ಅಂದೇಳಿ ನಾ ಕೇಂಡದ್ದೇ ಇಲ್ಲ" ಎಂದ, ನನ್ನನ್ನು ನೋಡುತ್ತ. ಆಮೇಲೆ ಕಾಗದದ ಮೇಲೆ ದೊಡ್ಡದಾಗಿ "ಬಾರಿಸಿ" ಎಂದು ಬರೆದು ಗೋಪಕ್ಕನಿಗೆ ತೋರಿಸಿದ.

ಅವಳೆದುರು ನೆಲದ ಮೇಲೆ ಕುಳಿತು, ಸಾಲು ಮುಗಿದಾಗಲೆಲ್ಲ ಅವನು ಕೈ ಇಳಿಸುತ್ತಿದ್ದ. ಅವಳು ಅವನ ಕೈ ನೋಡಿ ಬಾರಿಸುತ್ತಿದ್ದಳು. ಮೂರನೆಯ ಸಲಕ್ಕೆ ಕೂಡಿಬಂತು. ಹೊರಡುವಾಗ ಕೌಶಲ್ ನನ್ನನ್ನು ಬದಿಗೆ ಕರೆದು, ಕೊನೆಯ ಕೆಲಸ ಬೆಂಗಳೂರಿನಲ್ಲಿ ಆಗುವುದು, ನಿರ್ದೇಶಕರು ಏನೆನ್ನುತ್ತಾರೋ, ನಾನು ಮಾತು ಕೊಡಲಾರೆ ಎಂದ. ಅದನ್ನು ಗೋಪಕ್ಕನಿಗೆ ಹೇಳುವ ಕೆಲಸ ನನಗೆ ಬಂತು. ಹೇಳಿದೆ. "ಆಯ್ಲಿ, ಕಾಂಬ" ಎಂದಳು.

ಮನೆಗೆ ಬರುವ ರಿಕ್ಷಾದಲ್ಲಿ ದೀಕ್ಷಾ ಕಂಡಕ್ಟರನಾಗಿದ್ದ ನನಗಿಂತ ಜೋರಾಗಿ ಅಮ್ಮನ ಕಿವಿಯ ಹತ್ತಿರ ಕೇಳಿದಳು, "ಎರಡ್ ವರ್ಷದಿಂದ ನಾ ನಿನ್ನತ್ರ ಹೇಳದ್ದೆಲ್ಲ ಎಲ್ಲಿಗೋಯ್ತ್?" ಗೋಪಕ್ಕ ಮಗಳ ಕೈ ಹಿಡಿದುಕೊಂಡಳು. ಆ ವಾರವೇ ಕುಂದಾಪುರದ ಡಾಕ್ಟರ್ ಹತ್ತಿರ ಹೋದರು, ಕಿವಿಗೆ ಯಂತ್ರ ಬಂತು. ಅದನ್ನು ಇಟ್ಟರೆ ಮಾತು ಕೇಳುತ್ತದೆ, ಪಾತ್ರೆಯ ಸದ್ದು ಮಾತ್ರ ತಲೆಗೆ ಬಡಿದಂತೆ ಕೇಳುತ್ತದೆ ಎಂದು ಗೊಣಗುತ್ತಾಳೆ. ಮೀನಿನವನ ಹೊತ್ತಿಗೂ ಮಗಳು ಮನೆಗೆ ಬಂದ ಮೇಲೂ ತಪ್ಪದೆ ಇಟ್ಟುಕೊಳ್ಳುತ್ತಾಳೆ.

ಸಿನಿಮಾ ಬಂದದ್ದು ಈ ಜನವರಿಯಲ್ಲಿ. ಕುಂದಾಪುರದಲ್ಲಿ ಮಧ್ಯಾಹ್ನದ ಆಟಕ್ಕೆ ನಾವು ನಾಲ್ಕು ಜನ ಹೋದೆವು: ಗೋಪಕ್ಕ, ದೀಕ್ಷಾ, ನಾನು, ನನ್ನ ಹೆಂಡತಿ. ಕೌಶಲ್ ನಾಲ್ಕು ದಿನ ಮೊದಲೇ ಫೋನ್ ಮಾಡಿದ್ದ, ಹಾಡು ಇದೆ ಎಂದಷ್ಟೇ ಹೇಳಿದ್ದ, ಹೆಚ್ಚು ಕೇಳಲು ನನಗೆ ಧೈರ್ಯವಾಗಲಿಲ್ಲ. ಹಾಲ್ ತುಂಬಿತ್ತು. ಕುಳಿತು ಸ್ವಲ್ಪ ಹೊತ್ತಿಗೆ ಗೋಪಕ್ಕ ಕಿವಿಯ ಯಂತ್ರ ತೆಗೆದು ಪರ್ಸಿಗೆ ಹಾಕಿದಳು. ಈ ಗಲಾಟೆಗೆ ಅದು ಆಗುವುದಿಲ್ಲ ಎಂದು ಕೈಸನ್ನೆ ಮಾಡಿದಳು.

ಮಧ್ಯಂತರ ಕಳೆದು ಹಾಡು ಬಂತು. ಪರದೆಯ ಮೇಲೆ ಒಂದು ಹಳೆಯ ಮನೆ, ಏಣಿ, ಸಾಲಾಗಿ ನಿಂತ ಜನ, ಕೈಯಿಂದ ಕೈಗೆ ಕೆಂಪು ಹಂಚು. ದೀಕ್ಷಾ ಅಮ್ಮನ ತೊಡೆಯ ಮೇಲೆ ಬೆರಳಾಡಿಸಿ, ಈಗ ಎಂದು ತೋರಿಸಿದಳು. ಮೊದಲ ಸಾಲು ಮುಗಿಯಿತು. ಟಣ್ ಟಣ್ ಟಣ್ ಟಣ್. ಗೋಪಕ್ಕನ ಮುಖದಲ್ಲಿ ಏನೂ ಇರಲಿಲ್ಲ.

ದಬ್.

ಆ ದೊಡ್ಡ ಸ್ಪೀಕರಿನಿಂದ ಬಂದದ್ದು ನನ್ನ ಕುರ್ಚಿಯ ಕೈಗೂ ಕಾಲಡಿಯ ನೆಲಕ್ಕೂ ತಾಗಿತು. ಗೋಪಕ್ಕನ ಕೈ ಎದೆಯ ಮೇಲೆ ಹೋಯಿತು. ಎರಡನೆಯ ಸಾಲಿಗೆ ಹಾಲಿನಲ್ಲಿದ್ದವರಲ್ಲಿ ಅರ್ಧ ಜನ, ನನ್ನ ಬಸ್ಸಿನಲ್ಲಿ ಹಾಡುತ್ತ ದೊಡ್ಡವರಾದವರೇ ಇರಬೇಕು, ಯಾರೂ ಹೇಳದೆ ಒಟ್ಟಿಗೆ ಕಾಲು ಕುಟ್ಟಿದರು. ನೆಲ ಅದುರಿತು.

ಗೋಪಕ್ಕ ಒಲೆಯ ಎದುರಿನಿಂದ ತಿರುಗುವ ಹಾಗೆ ಮಗಳ ಕಡೆ ತಿರುಗಿ, "ಬಂದ್ರ್" ಎಂದಳು.

ದೀಕ್ಷಾ ಹೌದೆಂದು ತಲೆಯಾಡಿಸಿ ಅಮ್ಮನ ಭುಜಕ್ಕೆ ಹಣೆ ಇಟ್ಟಳು. ನಾನೂ ಏನೋ ಹೇಳಬೇಕೆಂದು ಬಾಯಿ ತೆರೆದೆ, ಇಪ್ಪತ್ತೆಂಟು ವರ್ಷ ಕೈಕೊಡದ ಗಂಟಲು ಆಗ ಕೆಲಸಕ್ಕೆ ಬರಲಿಲ್ಲ.